ಕಳ್ಳರ ದೇವರಿಗೇ ಸತ್ತವರನ್ನು ಕರೆದೊಯ್ಯುವ ಕೆಲಸ ಏಕೆ? ಹರ್ಮಿಸ್ ಬಗ್ಗೆ ಒಂದು ಚರ್ಚೆ

ಕಟ್ಟೆಪುರಾಣ:

ಗ್ರೀಕ್ ದೇವತೆಗಳ ಪೈಕಿ ಹರ್ಮಿಸ್‌ನನ್ನು ‘ದೇವದೂತ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ರೂಢಿ. ರೆಕ್ಕೆಯ ಪಾದರಕ್ಷೆ, ಅಗಲ ಅಂಚಿನ ಟೋಪಿ, ಹಾವು ಸುತ್ತಿದ ಕೋಲು; ದೇವತೆಗಳ ಒಡೆಯ ಜ್ಯೂಸ್ ಹೇಳಿದ್ದನ್ನು ಹೇಳಿದಲ್ಲಿಗೆ ಮುಟ್ಟಿಸುವ ಹುಡುಗ. ಅವನ ಮೇಲಿನ ಹೋಮರಿಕ್ ಸ್ತೋತ್ರವನ್ನು (ಹೋಮರ್ ಕವಿಯ ಹೆಸರಿನಲ್ಲಿ ಉಳಿದುಬಂದ ಹಳೆಯ ಗ್ರೀಕ್ ಪದ್ಯ) ಓದಿದವರಿಗೆ ಈ ಚಿತ್ರ ಸಾಲುವುದಿಲ್ಲ. ಸುಮಾರು 580 ಸಾಲುಗಳ ಆ ಸ್ತೋತ್ರದಲ್ಲಿ ಭಕ್ತಿಗಿಂತ ತುಂಟತನವೇ ಹೆಚ್ಚು.

ಕಥೆ ಗೊತ್ತಿಲ್ಲದವರಿಗಾಗಿ: ಅರ್ಕೇಡಿಯದ ಕಿಲ್ಲೀನಿ ಬೆಟ್ಟದ ಗುಹೆಯಲ್ಲಿ, ಜ್ಯೂಸ್‌ನಿಂದ ಅಟ್ಲಾಸನ ಮಗಳು ಮೈಯಾಳಿಗೆ ಹರ್ಮಿಸ್ ಹುಟ್ಟುವುದು ಬೆಳಗಿನ ಜಾವ. ತೊಟ್ಟಿಲಲ್ಲಿ ಮಲಗಿರಲಾರದೆ ಎದ್ದು ಹೊಸ್ತಿಲು ದಾಟುತ್ತಾನೆ. ಅಂಗಳದಲ್ಲಿ ಒಂದು ಆಮೆ. ಅದನ್ನು ಕೊಂದು, ಚಿಪ್ಪಿಗೆ ಚರ್ಮ ಬಿಗಿದು, ಕುರಿಯ ಕರುಳಿನ ಏಳು ತಂತಿ ಕಟ್ಟಿ ಲೈರ್ ವಾದ್ಯ ಮಾಡಿ ನುಡಿಸುವಷ್ಟರಲ್ಲಿ ಮಧ್ಯಾಹ್ನ. ಸೂರ್ಯ ಮುಳುಗುವ ಹೊತ್ತಿಗೆ ಅಣ್ಣ ಅಪೊಲೊನ 50 ಹಸುಗಳನ್ನು ಪಿಯೆರಿಯದಿಂದ ಹೊಡೆದುಕೊಂಡು ಹೊರಡುತ್ತಾನೆ. ಹೆಜ್ಜೆಗುರುತು ತಿರುವುಮುರುವಾಗಲಿ ಎಂದು ಹಸುಗಳನ್ನು ಹಿಮ್ಮುಖವಾಗಿ ನಡೆಸುತ್ತಾನೆ. ತನ್ನ ಕಾಲಿಗೆ ಗಿಡದ ರೆಂಬೆ ಹೆಣೆದ ಜೋಡು. ಅಲ್ಫೇಯಸ್ ನದಿಯ ದಂಡೆಯಲ್ಲಿ ಎರಡು ಹಸುಗಳನ್ನು ಕೊಯ್ದು, ಜೋಡನ್ನು ನದಿಗೆ ಎಸೆದು, ಕೆಂಡ ಆರಿಸಿ, ಬೆಳಕು ಹರಿಯುವ ಮೊದಲೇ ಬೀಗದ ಕಿಂಡಿಯಿಂದ ತೂರಿ ತೊಟ್ಟಿಲು ಸೇರುತ್ತಾನೆ. ಅಪೊಲೊ ಬಂದು ಗದರಿಸಿದರೆ, ತಾನು ನಿನ್ನೆ ಹುಟ್ಟಿದವನು, ಅಂಗಾಲು ಇನ್ನೂ ಮೆತ್ತಗಿದೆ, ಹಸು ಎಂಬ ಹೆಸರನ್ನಷ್ಟೇ ಕೇಳಿದ್ದೇನೆ ಎನ್ನುತ್ತಾನೆ. ಬೇಕಾದರೆ ಅಪ್ಪನ ತಲೆಯ ಮೇಲೆ ಆಣೆ ಇಡಲೂ ಸಿದ್ಧ! ನ್ಯಾಯ ಜ್ಯೂಸ್‌ನ ಮುಂದೆ ಹೋದಾಗ ಅವನು ಸಿಟ್ಟಾಗುವುದಿಲ್ಲ, ಗಟ್ಟಿಯಾಗಿ ನಗುತ್ತಾನೆ. ಕೊನೆಗೆ ಲೈರ್ ಅಪೊಲೊಗೆ, ಹಸು ಕಾಯುವ ಅಧಿಕಾರ ಹರ್ಮಿಸ್‌ಗೆ ಎಂದು ರಾಜಿ.

ನನ್ನ ಪ್ರಶ್ನೆ ಇರುವುದು ಸ್ತೋತ್ರದ ಕೊನೆಯಲ್ಲಿ. ಹರ್ಮಿಸ್‌ಗೆ ಸಿಗುವ ಅಧಿಕಾರಗಳ ಪಟ್ಟಿಯಲ್ಲಿ ಒಂದು, ಪಾತಾಳದ ಒಡೆಯ ಹೇಡೀಸನ ಬಳಿಗೆ ಹೋಗುವ ದೂತನ ಪಟ್ಟ. ಅದು ಅವನೊಬ್ಬನಿಗೇ. ಅದಾದ ಕೆಲವೇ ಸಾಲುಗಳಲ್ಲಿ ಕವಿ, ಇವನಿಂದ ಒಳಿತಾಗುವುದು ಸ್ವಲ್ಪ, ಕತ್ತಲ ರಾತ್ರಿಯಲ್ಲಿ ಮನುಷ್ಯರಿಗೆ ಮೋಸ ಮಾಡುವುದು ಮಾತ್ರ ನಿರಂತರ ಎಂದು ಹೇಳಿ ಮುಗಿಸುತ್ತಾನೆ. ಸತ್ತವರನ್ನು ಕೈಹಿಡಿದು ಕರೆದೊಯ್ಯುವವನೂ ರಾತ್ರಿ ಮೋಸ ಮಾಡುವವನೂ ಒಬ್ಬನೇ. ಗ್ರೀಕರು ಇದನ್ನು ಹೇಗೆ ಸಹಿಸಿಕೊಂಡರು? ಅಥವಾ ಇದರಲ್ಲಿ ಸಹಿಸಿಕೊಳ್ಳುವಂಥದ್ದು ಏನೂ ಇರಲಿಲ್ಲವೇ?

ಮಲೆನಾಡಿಗ:

ಇದರಲ್ಲಿ ಅಷ್ಟೊಂದು ತಲೆ ಕೆಡಿಸಿಕೊಳ್ಳುವುದೇನಿದೆ? ಬೆಣ್ಣೆ ಕದ್ದು, ಬಾಯಿ ಒರೆಸಿಕೊಂಡು, ‘ಅಮ್ಮಾ ನಾನಲ್ಲ’ ಎಂದವನನ್ನು ನಾವು ಸಾವಿರಾರು ವರ್ಷಗಳಿಂದ ಪೂಜಿಸುತ್ತಿದ್ದೇವೆ. ತೊಟ್ಟಿಲ ಕೂಸು, ಹಸು, ಸಂಗೀತ, ಸುಳ್ಳು, ಎಲ್ಲವೂ ಇಲ್ಲೂ ಇದೆ.

ನಿವೃತ್ತ ಮೇಷ್ಟ್ರು:

ಮಲೆನಾಡಿಗರೇ, ಹೋಲಿಕೆ ಮೇಲ್ನೋಟಕ್ಕೆ ಸೊಗಸಾಗಿದೆ, ಒಪ್ಪುತ್ತೇನೆ. ಆದರೆ ಕೃಷ್ಣ ಕದ್ದ ಬೆಣ್ಣೆಯನ್ನು ತಿನ್ನುತ್ತಾನೆ, ಗೆಳೆಯರಿಗೂ ಕೋತಿಗಳಿಗೂ ಹಂಚುತ್ತಾನೆ. ಹರ್ಮಿಸ್ ತಿನ್ನುವುದಿಲ್ಲ. ಇಡೀ ಸ್ತೋತ್ರದ ತಿರುವು ಇರುವುದೇ ಅಲ್ಲಿ.

ಅವನು ಕಳ್ಳತನಕ್ಕೆ ಹೊರಟಿದ್ದೇ ಮಾಂಸದ ಆಸೆಯಿಂದ ಎಂದು ಕವಿ ಸ್ಪಷ್ಟವಾಗಿ ಹೇಳಿದ್ದಾನೆ. ಎರಡು ಹಸುಗಳನ್ನು ಕೊಯ್ದು, ಮಾಂಸವನ್ನು ಸುಟ್ಟು, 12 ಪಾಲು ಮಾಡಿ ಚೀಟಿ ಎತ್ತಿ ಹಂಚುತ್ತಾನೆ. ಸುವಾಸನೆ ಮೂಗಿಗೆ ಹೊಡೆದು ಸಂಕಟವಾಗುತ್ತದೆ. ಆದರೂ ಗಂಟಲೊಳಗೆ ಇಳಿಸುವುದಿಲ್ಲ. ಗ್ರೀಕ್ ಯಜ್ಞದ ಲೆಕ್ಕದಲ್ಲಿ ಮಾಂಸ ತಿನ್ನುವವರು ಮನುಷ್ಯರು. ದೇವರಿಗೆ ಸಲ್ಲುವುದು ಹೊಗೆ ಮತ್ತು ಪರಿಮಳ. ಆ ರಾತ್ರಿಯವರೆಗೆ ಹರ್ಮಿಸ್ ಯಾರು? ಗುಹೆಯಲ್ಲಿ ಗುಟ್ಟಾಗಿ ಹುಟ್ಟಿದ ಕೂಸು, ದೇವತೆಗಳ ಬೆಟ್ಟ ಒಲಿಂಪಸ್‌ನಲ್ಲಿ ಅವನಿಗೆ ಜಾಗವಿಲ್ಲ. 12 ಮುಖ್ಯ ದೇವತೆಗಳಿಗೆಂದು ಮಾಡಿದ ಈ 12 ಪಾಲುಗಳಲ್ಲಿ ಒಂದು ತನಗೇ ಸೇರಿದ್ದೆಂದು ಬಹಳ ವಿದ್ವಾಂಸರು ಓದುತ್ತಾರೆ. ಒಂದು ತುತ್ತು ತಿಂದಿದ್ದರೆ ಅವನು ಹಸು ಕದ್ದ ಹುಡುಗನಾಗಿ ಉಳಿಯುತ್ತಿದ್ದ. ತಿನ್ನದೆ ಬಿಟ್ಟದ್ದರಿಂದ ದೇವರಾದ. ಕಳ್ಳತನದ ನಡುವೆ ಒಂದು ಉಪವಾಸ!

ಇನ್ನು ಕಟ್ಟೆಪುರಾಣ ಅವರ ಪ್ರಶ್ನೆ. ಉತ್ತರ ದಾರಿಬದಿಯಲ್ಲಿದೆ ಎಂದು ನನ್ನ ಅಭಿಪ್ರಾಯ. ಪ್ರಾಚೀನ ಗ್ರೀಸಿನಲ್ಲಿ ಕವಲುದಾರಿಗಳಲ್ಲಿ, ಊರಿನ ಎಲ್ಲೆಗಳಲ್ಲಿ ಕಲ್ಲುಗುಡ್ಡೆಗಳಿದ್ದವು. ಹಾದುಹೋಗುವವರು ಅದಕ್ಕೆ ಒಂದೊಂದು ಕಲ್ಲು ಸೇರಿಸುತ್ತಿದ್ದರು. ಅವು ಹರ್ಮಿಸ್‌ನ ಗುಡ್ಡೆಗಳು. ಹೋಮರನ ಒಡಿಸ್ಸಿ ಕಾವ್ಯದಲ್ಲಿಯೂ ಇಥಾಕಾ ದ್ವೀಪದ ಪಟ್ಟಣದ ಮೇಲೆ ‘ಹರ್ಮಿಸ್‌ನ ದಿಬ್ಬ’ ಒಂದಿದೆ. ಮುಂದೆ ಕಲ್ಲುಗುಡ್ಡೆಯ ಜಾಗಕ್ಕೆ ಚೌಕದ ಕಲ್ಲುಕಂಬ ಬಂತು: ಮೇಲೆ ಗಡ್ಡದ ತಲೆ, ಮಧ್ಯದಲ್ಲಿ ಲಿಂಗ, ಕೈಕಾಲು ಇಲ್ಲ. ಮನೆಯ ಬಾಗಿಲಲ್ಲಿ, ಬೀದಿಯ ತಿರುವಿನಲ್ಲಿ, ಸಂತೆಯಲ್ಲಿ ಇವು ನಿಂತವು. ಅಥೆನ್ಸಿನ ಹಿಪ್ಪಾರ್ಕಸ್ ಎಂಬ ದೊರೆಮಗ ಪಟ್ಟಣಕ್ಕೂ ಹಳ್ಳಿಗಳಿಗೂ ನಡುದಾರಿಯಲ್ಲಿ ಇಂಥ ಕಂಬಗಳನ್ನು ನಿಲ್ಲಿಸಿ ಅವುಗಳ ಮೇಲೆ ನೀತಿವಾಕ್ಯ ಕೆತ್ತಿಸಿದ್ದ. ‘ಗೆಳೆಯನಿಗೆ ಮೋಸ ಮಾಡಬೇಡ’ ಎಂಬುದು ಅವುಗಳಲ್ಲಿ ಒಂದು. ಮೋಸದ ದೇವರ ಕಂಬದ ಮೇಲೆ ಆ ಮಾತು!

ಎಲ್ಲೆ ಎಂದ ಮೇಲೆ ಅದನ್ನು ಕಾಯುವವನೂ ಬೇಕು, ದಾಟಿಸುವವನೂ ಬೇಕು. ವ್ಯಾಪಾರಿ, ದೂತ, ಕುರುಬ, ಕಳ್ಳ, ಮದುವಣಗಿತ್ತಿ, ಶವ, ಇವರೆಲ್ಲ ಒಂದಲ್ಲ ಒಂದು ಗೆರೆ ದಾಟುವವರೇ. ಅವರೆಲ್ಲರಿಗೂ ದೇವರು ಒಬ್ಬನೇ ಇದ್ದಾನೆ ಎಂದರೆ ಆಶ್ಚರ್ಯವೇನು?

ರಂಗಾಸಕ್ತೆ:

ಮೇಷ್ಟ್ರೇ, ‘ದಾಟಿಸುವವನು’ ಎಂಬ ಸೂತ್ರ ಚೆನ್ನಾಗಿದೆ. ಆದರೆ ಎಲ್ಲವನ್ನೂ ಒಳಗೆ ಹಾಕಿಕೊಳ್ಳುವ ಸೂತ್ರಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ. ಒಂದು ದೃಶ್ಯವನ್ನು ಇಟ್ಟು ನೋಡೋಣ.

ಇಲಿಯಡ್‌ನ 24ನೆಯ ಸರ್ಗ. ಟ್ರಾಯ್ ಯುದ್ಧದಲ್ಲಿ ಅಲ್ಲಿನ ರಾಜಕುಮಾರ ಹೆಕ್ಟರ್ ಸತ್ತಿದ್ದಾನೆ, ಅವನನ್ನು ಕೊಂದ ಗ್ರೀಕ್ ವೀರ ಅಕಿಲೀಸ್ ಶವವನ್ನು ರಥಕ್ಕೆ ಕಟ್ಟಿ ದಿನವೂ ಎಳೆಯುತ್ತಿದ್ದಾನೆ. ನೋಡಲಾಗದೆ ದೇವತೆಗಳು ಮೊದಲು ಕೊಡುವ ಸಲಹೆ ಏನು? ಹರ್ಮಿಸ್ ಹೋಗಿ ಶವವನ್ನು ಕದ್ದು ತರಲಿ! ಜ್ಯೂಸ್ ಬೇಡವೆನ್ನುತ್ತಾನೆ. ಕದಿಯುವುದಲ್ಲ, ಹೆಕ್ಟರನ ಮುದುಕ ತಂದೆ ಪ್ರಿಯಾಮನೇ ಹೋಗಿ ಎದುರಿಗೆ ಕೂತು ಕೇಳಬೇಕು. ಅವನನ್ನು ಶತ್ರುವಿನ ಪಾಳೆಯದೊಳಗೆ ಕರೆದೊಯ್ಯಲು ಕಳುಹಿಸುವುದು ಮಾತ್ರ ಅದೇ ಹರ್ಮಿಸ್‌ನನ್ನು.

ಮುಸ್ಸಂಜೆ, ನದಿಯ ಬಳಿ ಪ್ರಿಯಾಮ್ ಪ್ರಾಣಿಗಳಿಗೆ ನೀರು ಕುಡಿಸುತ್ತಿರುವಾಗ ಒಬ್ಬ ಯುವಕ ಎದುರಾಗುತ್ತಾನೆ. ಮುದುಕನ ರೋಮ ನಿಮಿರುತ್ತದೆ. ಯುವಕ ತಾನು ಅಕಿಲೀಸನ ಕಡೆಯವನು ಎನ್ನುತ್ತಾನೆ, ಅದು ಸುಳ್ಳು. ಮಗನ ದೇಹ ಕೊಳೆತಿಲ್ಲ, ಗಾಯಗಳು ಕೂಡಿಕೊಂಡಿವೆ ಎನ್ನುತ್ತಾನೆ. ಅದು ನಿಜ, ತಂದೆಯೊಬ್ಬನಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದೂ ಅದೇ. ಸಂತೋಷದಿಂದ ಪ್ರಿಯಾಮ್ ಅವನಿಗೆ ಒಂದು ಬಟ್ಟಲನ್ನು ಕೊಡಲು ಹೋದರೆ, ಅಕಿಲೀಸನ ಬೆನ್ನ ಹಿಂದೆ ಅವನಿಗೆ ಸೇರಬೇಕಾದ್ದನ್ನು ತೆಗೆದುಕೊಳ್ಳಲು ಹೆದರುತ್ತೇನೆ ಎಂದು ನಿರಾಕರಿಸುತ್ತಾನೆ. ಕಳ್ಳರ ದೇವರು ಲಂಚ ಬೇಡವೆನ್ನುತ್ತಿದ್ದಾನೆ! ಆಮೇಲೆ ಕಾವಲುಗಾರರ ಕಣ್ಣಿಗೆ ನಿದ್ದೆ ಹಾಕಿ, ಮೂವರು ಸೇರಿ ಎಳೆಯಬೇಕಾದ ಅಗುಳಿಯನ್ನು ಒಬ್ಬನೇ ಸರಿಸಿ, ಮುದುಕನನ್ನು ಒಳಗೆ ಬಿಡುತ್ತಾನೆ. ಇವೆಲ್ಲ ಕನ್ನಗಳ್ಳನ ಕೌಶಲಗಳೇ. ಮಾಡುತ್ತಿರುವ ಕೆಲಸ ಮಾತ್ರ ಕರುಣೆಯದು.

ನಾಟಕಗಳಲ್ಲೂ ಅವನನ್ನು ಕರೆಯುವುದು ಇಂಥ ಗಳಿಗೆಗಳಲ್ಲೇ. ಸೋಫೊಕ್ಲೀಸನ ಅಯಾಸ್ ಕತ್ತಿಯ ಮೇಲೆ ಬೀಳುವ ಮುನ್ನ, ನನ್ನನ್ನು ಚೆನ್ನಾಗಿ ಮಲಗಿಸು ಎಂದು ಪಾತಾಳದ ಹರ್ಮಿಸ್‌ನನ್ನು ಬೇಡುತ್ತಾನೆ. ಈಸ್ಕಿಲಸನ ಪಾರಸಿಕರ ನಾಟಕದಲ್ಲಿ ಸತ್ತ ದೊರೆ ಡೇರಿಯಸನ ಆತ್ಮವನ್ನು ಮೇಲೆ ಕಳುಹಿಸಿ ಎಂದು ಮೇಳದವರು ಭೂಮಿಯನ್ನೂ ಹರ್ಮಿಸ್‌ನನ್ನೂ ಕೇಳಿಕೊಳ್ಳುತ್ತಾರೆ. ಈ ಎರಡೂ ನಾಟಕಗಳನ್ನು ಬಿ.ಎಂ.ಶ್ರೀ. ಕನ್ನಡಕ್ಕೆ ತಂದಿದ್ದಾರೆ: ಮೊದಲನೆಯದನ್ನು ಮಹಾಭಾರತದ ಕಥೆಗೆ ಒಗ್ಗಿಸಿ ‘ಅಶ್ವತ್ಥಾಮನ್’ ಎಂದು, ಎರಡನೆಯದನ್ನು ‘ಪಾರಸಿಕರು’ ಎಂದು. ಓದದವರು ಓದಿ.

ಅಂದ ಹಾಗೆ, ಎಲ್ಲ ಕವಿಗಳೂ ಅವನನ್ನು ಲಂಚಕ್ಕೆ ಬಗ್ಗದವನೆಂದು ಚಿತ್ರಿಸಿಲ್ಲ. ಕ್ರಿ.ಪೂ. 421ರಲ್ಲಿ ಪ್ರದರ್ಶನಗೊಂಡ ಅರಿಸ್ಟೊಫನೀಸನ ‘ಶಾಂತಿ’ ನಾಟಕದಲ್ಲಿ ಸಗಣಿ ಹುಳುವಿನ ಮೇಲೆ ಕೂತು ಸ್ವರ್ಗಕ್ಕೆ ಹಾರಿದ ರೈತನನ್ನು ಬಾಗಿಲಲ್ಲೇ ಬೈದು ತಡೆಯುವ ಹರ್ಮಿಸ್, ಮಾಂಸ ತಂದಿದ್ದೇನೆ ಎಂದ ಕೂಡಲೇ ಮೆತ್ತಗಾಗುತ್ತಾನೆ. ಮೇಷ್ಟ್ರು ಹೇಳಿದ ಉಪವಾಸ ಅಲ್ಲಿಗೆ ಮುರಿಯಿತು.

ಅಂತರಂಗ:

ನೀವೆಲ್ಲ ಕಥೆಯಲ್ಲೇ ನಿಂತಿದ್ದೀರಿ. ಹರ್ಮಿಸ್‌ನ ಕೋಲನ್ನು ಒಮ್ಮೆ ಕಣ್ಣಿಟ್ಟು ನೋಡಿ. ನಡುವೆ ನೆಟ್ಟಗಿನ ದಂಡ, ಅದನ್ನು ಬಳಸಿ ಏರುವ ಎರಡು ಹಾವುಗಳು, ತುದಿಯಲ್ಲಿ ರೆಕ್ಕೆ. ಯೋಗಶಾಸ್ತ್ರ ಹೇಳುವ ನಾಡಿಗಳಾದ ಸುಷುಮ್ನೆ, ಇಡಾ, ಪಿಂಗಳಾ, ತುದಿಯಲ್ಲಿ ಸಹಸ್ರಾರ ಚಕ್ರ. ನಮ್ಮ ಅಶ್ವತ್ಥಕಟ್ಟೆಯ ನಾಗರಕಲ್ಲುಗಳಲ್ಲೂ ಹೆಣೆದುಕೊಂಡ ಜೋಡಿ ಹಾವುಗಳಿವೆ. ‘ಮೇಲಿರುವಂತೆಯೇ ಕೆಳಗೆ’ ಎಂದು ಹರ್ಮಿಸ್ ಟ್ರಿಸ್ಮೆಜಿಸ್ಟಸ್ ಉಪದೇಶಿಸಿದ್ದೂ ಪಿಂಡ ಬ್ರಹ್ಮಾಂಡಗಳ ಐಕ್ಯವನ್ನೇ. ಆತ್ಮವನ್ನು ಕೆಳಗಿನಿಂದ ಮೇಲಕ್ಕೆ ನಡೆಸುವ ಗುರು ಅವನು. ಸತ್ತವರ ಮಾರ್ಗದರ್ಶಿ ಎಂಬುದು ಅದರ ಹೊರಗಿನ ಕಥೆ ಮಾತ್ರ.

ಶಾಸನಪ್ರಿಯ:

ಅಂತರಂಗ ಅವರೇ, ಮೂರು ಬೇರೆ ಬೇರೆ ಕಾಲಗಳ ವಸ್ತುಗಳನ್ನು ಒಂದೇ ದಾರಕ್ಕೆ ಪೋಣಿಸಿದ್ದೀರಿ. ಬಿಡಿಸಿ ಇಡುತ್ತೇನೆ.

ಕೋಲು: ಹಳೆಯ ಗ್ರೀಕ್ ಮಡಕೆಗಳ ಚಿತ್ರಗಳಲ್ಲಿ ಹರ್ಮಿಸ್‌ನ ಕೋಲಿನ ತುದಿ ಬಹಳ ಸಲ ಎಂಟರ ಅಂಕೆಯ ಆಕಾರದ, ಮೇಲೆ ತೆರೆದ ಒಂದು ಸುರುಳಿ, ಅಷ್ಟೇ. ಅದು ಡಂಗುರದವನ, ದೂತನ ಕೋಲು. ಹಿಡಿದವನನ್ನು ಯುದ್ಧದಲ್ಲೂ ಮುಟ್ಟಬಾರದು ಎಂಬ ಗುರುತು. ಹಾವುಗಳು ಖಚಿತ ರೂಪ ಪಡೆದದ್ದು, ರೆಕ್ಕೆ ಮೂಡಿದ್ದು ಆಮೇಲೆ. ಹೆಣೆದ ಜೋಡಿ ಹಾವಿನ ಬಹಳ ಹಳೆಯ ಚಿತ್ರ ಬೇಕೆಂದರೆ ಗ್ರೀಸ್ ಅಲ್ಲ, ಮೆಸೊಪೊಟೇಮಿಯಕ್ಕೆ ಹೋಗಬೇಕು. ಅಲ್ಲಿನ ಲಗಾಶ್ ಪಟ್ಟಣದ ಅರಸ ಗುಡೇಯಾ ಎಂಬವನು ನಿಂಗಿಶ್‌ಜಿದ ದೇವರಿಗೆ ಅರ್ಪಿಸಿದ ಕಲ್ಲಿನ ಪಾತ್ರೆ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ, ಸುಮಾರು ಕ್ರಿ.ಪೂ. 2100ರದು. ಅದರ ಮೇಲೆ ದಂಡಕ್ಕೆ ಸುತ್ತಿದ ಎರಡು ಹಾವುಗಳಿವೆ. ನಾಗರಕಲ್ಲಿಗೂ ಹರ್ಮಿಸ್‌ನ ಕೋಲಿಗೂ ಚಿತ್ರದ ಹೋಲಿಕೆ ಉಂಟು, ವಂಶಾವಳಿ ಇಲ್ಲ. ಹಾವುಗಳು ಕೂಡುವಾಗ ಹೆಣೆದುಕೊಳ್ಳುತ್ತವೆ. ಅದನ್ನು ಕಂಡ ಊರಿನವರೆಲ್ಲ ಕೆತ್ತಬಹುದು.

ವೈದ್ಯರ ಚಿಹ್ನೆಯಾಗಿ ಈ ಕೋಲನ್ನು ಬಳಸುವುದು ಇನ್ನೂ ಹೊಸ ಗೊಂದಲ. ವೈದ್ಯದೇವತೆ ಅಸ್ಕ್ಲೀಪಿಯಸನ ಕೋಲಿಗೆ ಒಂದೇ ಹಾವು, ರೆಕ್ಕೆ ಇಲ್ಲ. ಅಮೆರಿಕದ ಸೇನೆಯ ವೈದ್ಯಕೀಯ ದಳ 1902ರಲ್ಲಿ ಹರ್ಮಿಸ್‌ನ ಕೋಲನ್ನು ಲಾಂಛನ ಮಾಡಿಕೊಂಡಿತು. ಆಮೇಲೆ ಅದು ಎಲ್ಲೆಡೆ ಹಬ್ಬಿತು. ವ್ಯಾಪಾರಿಗಳ, ಕಳ್ಳರ, ಸತ್ತವರ ದೇವರ ಗುರುತನ್ನು ಆಸ್ಪತ್ರೆಯ ಬಾಗಿಲಿಗೆ ತೂಗುಹಾಕುವುದರಲ್ಲಿ ಸತ್ಯಾಂಶ ಇರಬಹುದು ಎಂದು ಕುಹಕಿಗಳು ಹೇಳುತ್ತಾರೆ.

ಟ್ರಿಸ್ಮೆಜಿಸ್ಟಸ್: ಈಜಿಪ್ಟಿನಲ್ಲಿ ನೆಲೆಸಿದ ಗ್ರೀಕರು ಅಲ್ಲಿನ ಲಿಪಿಕಾರ ದೇವರು ಥಾತ್‌ನನ್ನು ಹರ್ಮಿಸ್‌ನೊಂದಿಗೆ ಸಮೀಕರಿಸಿದರು. ಅವನ ಊರಿಗೆ ಹರ್ಮೊಪೊಲಿಸ್ ಎಂದೇ ಹೆಸರಾಯಿತು. ‘ಮೂರು ಪಟ್ಟು ಮಹಾನ್’ ಎಂಬ ಬಿರುದು ಈಜಿಪ್ಟಿನವರು ಥಾತ್‌ನನ್ನು ಕರೆಯುತ್ತಿದ್ದ ರೀತಿಯಿಂದ ಬಂದದ್ದು. ಅವನ ಹೆಸರಿನ ಗ್ರೀಕ್ ಗ್ರಂಥಗಳು ರೋಮನ್ನರ ಆಳ್ವಿಕೆಯ ಕಾಲದವು. 15ನೆಯ ಶತಮಾನದ ಫ್ಲಾರೆನ್ಸಿನಲ್ಲಿ ಅವು ಮೋಶೆಯ ಕಾಲದಷ್ಟು ಹಳೆಯವು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಹಣಕೊಟ್ಟ ಕೊಸಿಮೊ ಮೆಡಿಚಿ ಪ್ಲೇಟೊನ ಅನುವಾದವನ್ನು ಬದಿಗಿಟ್ಟು ಇದನ್ನು ಮೊದಲು ಮುಗಿಸು ಎಂದು ಅನುವಾದಕ ಫಿಚಿನೊಗೆ ಹೇಳಿದ. 1463ರಲ್ಲಿ ಅನುವಾದ ಮುಗಿಯಿತು, 1471ರಲ್ಲಿ ಅಚ್ಚಾಯಿತು. 1614ರಲ್ಲಿ ವಿದ್ವಾಂಸ ಐಸಾಕ್ ಕಸೊಬೊನ್ ಭಾಷೆಯನ್ನು ಪರೀಕ್ಷಿಸಿ ಇವು ಕ್ರಿಸ್ತಶಕದ ಬರಹಗಳೆಂದು ತೋರಿಸಿದ. ನೀವು ಉಲ್ಲೇಖಿಸಿದ ‘ಮೇಲಿರುವಂತೆಯೇ ಕೆಳಗೆ’ ಆ ಸಂಗ್ರಹದಲ್ಲೂ ಇಲ್ಲ. ಅದು ಅರಬ್ಬಿಯಲ್ಲಿ ಮೊದಲು ಕಾಣಿಸಿಕೊಳ್ಳುವ ‘ಪಚ್ಚೆಯ ಫಲಕ’ ಎಂಬ ರಸವಿದ್ಯೆಯ ಚಿಕ್ಕ ಪಠ್ಯದ ಮಾತು.

ಇದಕ್ಕೆ ಪ್ರತಿಯಾಗಿ, ಕಿಲ್ಲೀನಿ ಗುಹೆಯ ಹುಡುಗನ ಪ್ರಾಚೀನತೆ ನೋಡಿ. ಪೈಲೋಸ್‌ನಲ್ಲಿ ಸಿಕ್ಕ, ಗ್ರೀಕ್ ಭಾಷೆಯ ಅತಿ ಹಳೆಯ ಬರಹವಾದ ಲಿನಿಯರ್ ಬಿ ಲಿಪಿಯ ಜೇಡಿಫಲಕಗಳಲ್ಲಿ, ಅಂದರೆ ಹೋಮರನಿಗಿಂತ ನಾಲ್ಕೈದು ಶತಮಾನ ಹಿಂದೆಯೇ, ಅವನ ಹೆಸರಿದೆ. ಆ ಲಿಪಿಯನ್ನು ಮೈಕೆಲ್ ವೆಂಟ್ರಿಸ್ 1952ರಲ್ಲಿ ಬಿಡಿಸಿದ.

ಅಂತರಂಗ:

ಶಾಸನಪ್ರಿಯರೇ, ಇಸವಿಗಳಿಗೆ ಧನ್ಯವಾದ. ಆದರೆ ಯಾವುದು ಹಳೆಯದೋ ಅದು ಮಾತ್ರ ಅರ್ಥವುಳ್ಳದ್ದು ಎಂದು ಯಾರು ಹೇಳಿದರು? ಕಸೊಬೊನ್ ಕಾಲನಿರ್ಣಯ ಮಾಡಿದ, ಸರಿ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ ಕಾಪ್ಟಿಕ್ ಪುಸ್ತಕಗಳಲ್ಲಿ ಹರ್ಮಿಸ್ ಗುರುವಾಗಿ ಮಗನಿಗೆ ಎಂಟನೆಯ, ಒಂಬತ್ತನೆಯ ಲೋಕಗಳ ಅನುಭವವನ್ನು ಕೊಡಿಸುವ ಸಂವಾದವಿದೆ. ಇಬ್ಬರೂ ಒಟ್ಟಿಗೆ ಪ್ರಾರ್ಥಿಸುತ್ತಾರೆ, ಅಪ್ಪಿಕೊಳ್ಳುತ್ತಾರೆ, ಶಿಷ್ಯನಿಗೆ ಬೆಳಕು ಕಾಣುತ್ತದೆ, ಮೌನದಲ್ಲಿ ಸ್ತೋತ್ರ ಹಾಡುತ್ತಾನೆ. ಅದನ್ನು ಬರೆದವರು ನಿಜವಾದ ಸಾಧಕರು. ಅವರು ತಮ್ಮ ಗುರುವಿಗೆ ಬೇರೆ ಯಾವ ದೇವರ ಹೆಸರನ್ನಾದರೂ ಇಡಬಹುದಿತ್ತು. ಅಪೊಲೊನನ್ನು ಆರಿಸಲಿಲ್ಲ, ಜ್ಯೂಸ್‌ನನ್ನು ಆರಿಸಲಿಲ್ಲ. ಎರಡು ಲೋಕಗಳ ನಡುವೆ ಓಡಾಡುವವನನ್ನೇ ಆರಿಸಿದರು. ಕಟ್ಟೆಪುರಾಣ ಅವರ ಪ್ರಶ್ನೆಗೆ ಇದೂ ಒಂದು ಉತ್ತರವಲ್ಲವೇ?

ಶಾಸನಪ್ರಿಯ:

ಈ ವಾದಕ್ಕೆ ನನ್ನ ತಕರಾರಿಲ್ಲ. ಇಡಾ ಪಿಂಗಳಾಗಳನ್ನು ಮಾತ್ರ ಅಲ್ಲಿಗೆ ತರಬೇಡಿ.

ಪಂಚಾಂಗ:

ಭಾರತದೊಂದಿಗೆ ನಂಟು ಹುಡುಕುವುದಾದರೆ ಕುಂಡಲಿನಿಗೆ ಹೋಗಬೇಕಾಗಿಯೇ ಇಲ್ಲ, ಪ್ರತಿ ಮನೆಯ ಜಾತಕದಲ್ಲಿ ಅದು ಕೂತಿದೆ. ಬುಧಗ್ರಹವನ್ನು ಗ್ರೀಕರು ಹರ್ಮಿಸ್‌ನ ನಕ್ಷತ್ರ ಎನ್ನುತ್ತಿದ್ದರು, ರೋಮನ್ನರು ಮರ್ಕ್ಯುರಿ ಎಂದರು. ರಾಶಿಚಕ್ರದ ಫಲಜ್ಯೋತಿಷ ನಮ್ಮಲ್ಲಿಗೆ ಬಂದದ್ದು ಯವನರಿಂದ, ಅಂದರೆ ಗ್ರೀಕರಿಂದ. ವರಾಹಮಿಹಿರನೇ ಅವರನ್ನು ಗೌರವದಿಂದ ನೆನೆಯುತ್ತಾನೆ. 6ನೆಯ ಶತಮಾನದ ಅವನ ಬೃಹಜ್ಜಾತಕದ ಎರಡನೆಯ ಅಧ್ಯಾಯದಲ್ಲಿ ಗ್ರಹಗಳ ಪರ್ಯಾಯ ನಾಮಗಳಿವೆ: ಸೂರ್ಯನಿಗೆ ಹೇಲಿ, ಕುಜನಿಗೆ ಆರ, ಶುಕ್ರನಿಗೆ ಆಸ್ಫುಜಿತ್, ಬುಧನಿಗೆ ಹೇಮ್ನ. ಹೀಲಿಯಸ್, ಅರೀಸ್, ಅಫ್ರೊಡೈಟಿ, ಹರ್ಮಿಸ್ ಎಂಬವರು ಸಂಸ್ಕೃತದ ಉಡುಪು ತೊಟ್ಟು ಅಲ್ಲಿ ಸಾಲಾಗಿ ನಿಂತಿದ್ದಾರೆ.

ಹೆಸರಿಗಿಂತ ಸ್ವಭಾವ ಹೆಚ್ಚು ಸ್ವಾರಸ್ಯಕರ. ಬುಧ ವಾಕ್ಕು, ಲೆಕ್ಕ, ವ್ಯಾಪಾರಗಳ ಕಾರಕ. ಮಿಥುನ, ಕನ್ಯಾ ರಾಶಿಗಳು ಅವನ ಸ್ವಕ್ಷೇತ್ರ. ಕನ್ಯೆಯ 15ನೆಯ ಅಂಶದಲ್ಲಿ ಪರಮೋಚ್ಚ. ಗ್ರೀಕರದೂ ಇದೇ ಲೆಕ್ಕ. ಶುಭಗ್ರಹದ ಜೊತೆ ಕೂತರೆ ಬುಧ ಶುಭ, ಪಾಪಗ್ರಹದ ಜೊತೆ ಕೂತರೆ ಪಾಪಿ. ಗಂಡೂ ಅಲ್ಲ ಹೆಣ್ಣೂ ಅಲ್ಲ, ನಪುಂಸಕ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ಕೂಡ ಮರ್ಕ್ಯುರಿಯನ್ನು ಎರಡೂ ಕಡೆಗೆ ಸೇರಿದವನು, ಜೊತೆಗಿದ್ದವರ ಗುಣ ಪಡೆಯುವವನು ಎನ್ನುತ್ತಾನೆ. ಮೇಷ್ಟ್ರು ಹೇಳಿದ ಎಲ್ಲೆಯ ದೇವರು ಗ್ರಹವಾದಾಗ ಹೀಗಾಗಿದ್ದಾನೆ. ತಾರೆ, ಚಂದ್ರರ ಮಗನಾಗಿ ಹುಟ್ಟಿದ ನಮ್ಮ ಬುಧನ ಪುರಾಣ ಬೇರೆ, ಅದನ್ನು ಬೆರೆಸುವುದಿಲ್ಲ. ಆದರೆ ಪುರೋಹಿತರು ಬುಧನ ದೆಸೆ ಶುರುವಾಯಿತು, ಅಂಗಡಿ ಇಡಬಹುದು ಎಂದಾಗ ಆ ಮಾತಿನಲ್ಲಿ ಹರ್ಮಿಸ್‌ನ ಪಾಲೂ ಇದೆ.

ಮಲೆನಾಡಿಗ:

ನಮ್ಮ ಅಂಗಡಿ ಮುಹೂರ್ತಕ್ಕೂ ಈ ಕಳ್ಳ ಬಂದನೇ! ಒಂದು ಸಂದೇಹ. ಇದೆಲ್ಲ ಕವಿಗಳ, ಪಂಡಿತರ ಹರ್ಮಿಸ್ ಆಯಿತು. ಸಾಮಾನ್ಯ ಜನ ಅವನ ಬಳಿ ಏನು ಬೇಡುತ್ತಿದ್ದರು, ಹೇಗೆ ಪೂಜಿಸುತ್ತಿದ್ದರು? ದೊಡ್ಡ ದೇವಸ್ಥಾನಗಳು ಇದ್ದವೇ?

ನಿವೃತ್ತ ಮೇಷ್ಟ್ರು:

ಅಪೊಲೊಗೆ ಡೆಲ್ಫಿ, ಅಥೀನಾಗೆ ಪಾರ್ಥೆನಾನ್ ಇದ್ದಂತೆ ಇವನಿಗೆ ಜಗತ್ಪ್ರಸಿದ್ಧ ಗುಡಿ ಇಲ್ಲ. ಬೀದಿಯ ದೇವರಿಗೆ ಬೀದಿಯೇ ಸಾಕು. 2ನೆಯ ಶತಮಾನದಲ್ಲಿ ಗ್ರೀಸ್ ಸುತ್ತಿದ ಪೌಸಾನಿಯಸ್ ಬರೆದಿಟ್ಟ ಎರಡು ಆಚರಣೆಗಳನ್ನು ಹೇಳುತ್ತೇನೆ.

ಅಕೇಯದ ಫಾರೈ ಎಂಬ ಊರಿನ ಸಂತೆಮಾಳದಲ್ಲಿ ಗಡ್ಡದ ಹರ್ಮಿಸ್‌ನ ಚೌಕ ಕಲ್ಲು, ಅದರ ಮುಂದೆ ಒಲೆಗಲ್ಲು, ಅದಕ್ಕೆ ಸೀಸದಿಂದ ಬೆಸೆದ ಕಂಚಿನ ದೀಪಗಳು. ಪ್ರಶ್ನೆ ಕೇಳುವವನು ಸಂಜೆ ಬರಬೇಕು. ಧೂಪ ಹಾಕಿ, ದೀಪಗಳಿಗೆ ಎಣ್ಣೆ ಎರೆದು ಹಚ್ಚಿ, ಊರಿನ ಒಂದು ತಾಮ್ರದ ನಾಣ್ಯವನ್ನು ದೇವರ ಬಲಗಡೆಯ ಪೀಠದ ಮೇಲಿಟ್ಟು, ತನ್ನ ಪ್ರಶ್ನೆಯನ್ನು ದೇವರ ಕಿವಿಯಲ್ಲಿ ಪಿಸುಗುಟ್ಟಬೇಕು. ಆಮೇಲೆ ತನ್ನ ಎರಡೂ ಕಿವಿ ಮುಚ್ಚಿಕೊಂಡು ಸಂತೆಮಾಳದಿಂದ ಹೊರಗೆ ನಡೆಯಬೇಕು. ಆಚೆ ಬಂದು ಕೈ ತೆಗೆದಾಗ ಕಿವಿಗೆ ಬಿದ್ದ ಮೊದಲ ಮಾತೇ ದೇವರ ಉತ್ತರ. ಪೂಜಾರಿ ಇಲ್ಲ, ಮೈದುಂಬಿ ನುಡಿಯುವವರು ಇಲ್ಲ. ಡೆಲ್ಫಿಯಲ್ಲಿ ಸರತಿ ನಿಲ್ಲಬೇಕು, ಕಾಣಿಕೆ ಕೊಡಬೇಕು, ಒಗಟಿನಂಥ ಪದ್ಯ ಹೊತ್ತು ತರಬೇಕು. ಇಲ್ಲಿ ತರಕಾರಿ ಚೌಕಾಸಿ ಮಾಡುವ ಅಪರಿಚಿತನೇ ದೇವರ ಬಾಯಿ.

ಎರಡನೆಯದು ಬಿಯೋಷಿಯದ ತನಾಗ್ರದಲ್ಲಿ. ಊರಿಗೆ ಪಿಡುಗು ಬಂದಾಗ ಹರ್ಮಿಸ್ ಟಗರೊಂದನ್ನು ಹೆಗಲ ಮೇಲೆ ಹೊತ್ತು ಕೋಟೆಯ ಸುತ್ತ ನಡೆದು ಅದನ್ನು ತೊಲಗಿಸಿದನಂತೆ. ಅದರ ನೆನಪಿಗೆ ಹಬ್ಬದ ದಿನ ಊರಿನ ಅತ್ಯಂತ ಚೆಲುವ ಹುಡುಗ ಕುರಿಮರಿಯನ್ನು ಹೆಗಲಿಗೇರಿಸಿ ಗೋಡೆಯ ಸುತ್ತ ಬರುತ್ತಿದ್ದ. ಇಲ್ಲಿಯೂ ಎಲ್ಲೆಯೇ, ನೋಡಿ.

ಅಥೆನ್ಸಿನಲ್ಲಿ ವಸಂತದ ಹೊಸ್ತಿಲಲ್ಲಿ ಆಂಥೆಸ್ಟೀರಿಯ ಎಂಬ ಮೂರು ದಿನದ ಹಬ್ಬ. ಮೊದಲೆರಡು ದಿನ ಹೊಸ ದ್ರಾಕ್ಷಾರಸದ ಸಂಭ್ರಮ. ಮೂರನೆಯ ದಿನ ಎಲ್ಲ ಬಗೆಯ ಕಾಳುಗಳನ್ನು ಒಂದೇ ಮಡಕೆಯಲ್ಲಿ ಬೇಯಿಸಿ ಸತ್ತವರ ಪರವಾಗಿ ಪಾತಾಳದ ಹರ್ಮಿಸ್‌ಗೆ ಒಪ್ಪಿಸುತ್ತಿದ್ದರು. ಪುರೋಹಿತರು ಅದನ್ನು ರುಚಿ ನೋಡುವಂತಿರಲಿಲ್ಲ.

ಪಂಚಾಂಗ:

ಫಾರೈ ಪದ್ಧತಿ ಓದಿ ಉಪಶ್ರುತಿ ನೆನಪಾಯಿತು. ರಾತ್ರಿ ಮನೆಯಿಂದ ಹೊರಟು, ಮೊದಲು ಕಿವಿಗೆ ಬಿದ್ದ ಮಾತನ್ನು ದೈವವಾಣಿ ಎಂದು ಹಿಡಿಯುವುದು. ಮಹಾಭಾರತದ ಉದ್ಯೋಗಪರ್ವದಲ್ಲಿ ಅವಳು ದೇವಿಯೇ ಆಗಿದ್ದಾಳೆ: ಅಡಗಿಕೊಂಡ ಇಂದ್ರನನ್ನು ಹುಡುಕಲು ಶಚಿ ಉಪಶ್ರುತಿಯನ್ನು ಪ್ರಾರ್ಥಿಸುತ್ತಾಳೆ, ಅವಳು ದಾರಿ ತೋರಿಸಿ ತಾವರೆಯ ದಂಟಿನೊಳಗಿದ್ದ ಇಂದ್ರನ ಬಳಿಗೆ ಕರೆದೊಯ್ಯುತ್ತಾಳೆ. ಒಬ್ಬರಿಂದ ಒಬ್ಬರು ಕಲಿತರು ಎಂದು ಹೇಳುತ್ತಿಲ್ಲ, ಶಾಸನಪ್ರಿಯರು ಸಿಟ್ಟಾಗುವುದು ಬೇಡ. ಗುಟ್ಟಾದ ಮಾತನ್ನು ಆಲಿಸುವ ದೇವತೆಯೇ ದಾರಿ ತೋರಿಸುವ ದೇವತೆಯೂ ಆಗಿರುವುದು ಎರಡೂ ಕಡೆ ಇದೆ, ಅಷ್ಟೇ.

ಶಾಸನಪ್ರಿಯ:

ಸಿಟ್ಟಿಲ್ಲ. ಇದು ನನಗೂ ಇಷ್ಟವಾಯಿತು.

ಮಲೆನಾಡಿಗರ ಪ್ರಶ್ನೆಗೆ ಇನ್ನೊಂದು ಬದಿಯಿಂದ ಉತ್ತರ. ಈ ಬೀದಿಕಂಬಗಳು ಜನರಿಗೆ ಎಷ್ಟು ಮುಖ್ಯವಾಗಿದ್ದವು ಎಂಬುದು ಅವುಗಳನ್ನು ಒಡೆದಾಗ ಗೊತ್ತಾಯಿತು. ಕ್ರಿ.ಪೂ. 415. ಅಥೆನ್ಸ್ ಸಿಸಿಲಿಯ ಮೇಲೆ ದಂಡೆತ್ತಿ ಹೋಗಲು ದೊಡ್ಡ ನೌಕಾಪಡೆ ಸಜ್ಜು ಮಾಡಿದೆ. ಒಂದು ಬೆಳಗ್ಗೆ ಎದ್ದು ನೋಡಿದರೆ ಊರಿನ ಬಹುಪಾಲು ಹರ್ಮಿಸ್ ಕಂಬಗಳ ಮುಖ ಜಜ್ಜಿಹೋಗಿದೆ. ಇತಿಹಾಸಕಾರ ಥುಸಿಡಿಡೀಸ್ ಬರೆಯುವಂತೆ ಜನ ಅದನ್ನು ದಂಡಯಾತ್ರೆಗೆ ಅಪಶಕುನ ಎಂದುಕೊಂಡರು, ಪ್ರಜಾಪ್ರಭುತ್ವವನ್ನು ಉರುಳಿಸುವ ಸಂಚು ಎಂದೂ ಹೆದರಿದರು. ಪ್ರಯಾಣದ ದೇವರ ಮುಖ ಒಡೆದು ಪ್ರಯಾಣ ಹೊರಡುವುದು ಹೇಗೆ? ಬಹುಮಾನ ಘೋಷಿಸಿದರು, ಚಾಡಿಕೋರರು ಹುಟ್ಟಿಕೊಂಡರು, ಬಂಧನ, ಮರಣದಂಡನೆ. ಸೇನಾಪತಿ ಅಲ್ಸಿಬಯಾಡೀಸ್ ಮೇಲೆ ಎಲ್ಯೂಸಿಸ್‌ನ ರಹಸ್ಯಪೂಜೆಯನ್ನು ಅಣಕಿಸಿದ ಆರೋಪ ಬಂತು. ಅವನನ್ನು ಹಿಂದಕ್ಕೆ ಕರೆಸಿದಾಗ ದಾರಿಯಲ್ಲೇ ತಪ್ಪಿಸಿಕೊಂಡು ಸ್ಪಾರ್ಟಾ ಸೇರಿದ. ಕ್ರಿ.ಪೂ. 413ರಲ್ಲಿ ಆ ಸೇನೆ ಸಿಸಿಲಿಯಲ್ಲಿ ನುಚ್ಚುನೂರಾಯಿತು. ಶಿಕ್ಷೆಗೊಳಗಾದವರ ಸೊತ್ತು ಹರಾಜಾದ ಪಟ್ಟಿಯನ್ನು ಕೆತ್ತಿದ ಕಲ್ಲುಗಳ ತುಣುಕುಗಳು ಅಥೆನ್ಸಿನ ಸಂತೆಮಾಳದ ಬಳಿ ಸಿಕ್ಕಿವೆ. ಮಂಚ, ಮಡಕೆ, ದಾಸರು, ಪ್ರತಿಯೊಂದಕ್ಕೂ ಬೆಲೆ ಬರೆದಿದೆ.

ಕಟ್ಟೆಪುರಾಣ:

ಇಷ್ಟು ಓದಿದ ಮೇಲೆ ನನ್ನ ಪ್ರಶ್ನೆಗೆ ನಾನೇ ಒಂದು ಉತ್ತರ ಕಟ್ಟಿಕೊಂಡಿದ್ದೇನೆ. ಹೇಡೀಸನ ಲೋಕದ ಸಮಸ್ಯೆ ಒಳಗೆ ಹೋಗುವುದಲ್ಲ, ಹೊರಗೆ ಬರುವುದು. ಅಲ್ಲಿಗೆ ಹೋಗಿ ಬರುವವನಿಗೆ ಬೀಗದ ಕಿಂಡಿಯಲ್ಲಿ ತೂರುವುದು, ಕಾವಲುಗಾರರನ್ನು ಮಲಗಿಸುವುದು, ಹೆಜ್ಜೆಗುರುತು ಅಳಿಸುವುದು ಗೊತ್ತಿರಬೇಕು. ತೊಟ್ಟಿಲ ಕಳ್ಳತನದಲ್ಲಿ ಈ ವಿದ್ಯೆಗಳೆಲ್ಲ ಇವೆ. ಹೇಡೀಸ್ ಹೊತ್ತೊಯ್ದಿದ್ದ, ದೇವಿ ಡಿಮೀಟರಳ ಮಗಳು ಪರ್ಸಿಫೋನಿಯನ್ನು ಪಾತಾಳದಿಂದ ರಥದಲ್ಲಿ ಮೇಲೆ ತಂದವನೂ ಇವನೇ ಎಂದು ಡಿಮೀಟರ್ ಸ್ತೋತ್ರ ಹೇಳುತ್ತದೆ. ಅಲ್ಲಿ ಅವಳು ದಾಳಿಂಬೆಯ ಬೀಜ ತಿಂದದ್ದರಿಂದ ವರ್ಷದ ಮೂರನೆಯ ಒಂದು ಪಾಲು ಕೆಳಗೇ ಇರಬೇಕಾಯಿತು. ಹರ್ಮಿಸ್ ಏನನ್ನೂ ತಿನ್ನುವುದಿಲ್ಲ, ಹಾಗಾಗಿ ಎಲ್ಲಿಯೂ ಸಿಕ್ಕಿಬೀಳುವುದಿಲ್ಲ. ಮೇಷ್ಟ್ರು ಹೇಳಿದ ಉಪವಾಸವನ್ನು ನಾನು ಹೀಗೆ ಓದುತ್ತೇನೆ. ಒಲಿಂಪಿಯದಲ್ಲಿ 1877ರಲ್ಲಿ ಜ್ಯೂಸನ ಮಡದಿ ಹೀರಾಳ ಗುಡಿಯ ಅವಶೇಷದಲ್ಲಿ ಸಿಕ್ಕ ಪ್ರಸಿದ್ಧ ಅಮೃತಶಿಲೆಯ ಹರ್ಮಿಸ್‌ನನ್ನು ನೋಡಿ: ತೋಳಿನ ಮೇಲೆ ದ್ರಾಕ್ಷಾರಸದ ದೇವರ ಕೂಸುರೂಪ ಡಯೊನೈಸಸ್, ಅದೂ ಅವನದಲ್ಲ, ಇನ್ನೊಬ್ಬರ ಮನೆಗೆ ಮುಟ್ಟಿಸಬೇಕಾದದ್ದು. ಯಾವುದೂ ಅವನ ಕೈಯಲ್ಲಿ ಉಳಿಯುವುದಿಲ್ಲ.

ರಂಗಾಸಕ್ತೆ:

ಓದಲು ಚೆಂದ, ಆದರೆ ನೀವು ಅವನನ್ನು ಬಹಳ ಮೃದು ಮಾಡುತ್ತಿದ್ದೀರಿ. ಒಡಿಸ್ಸಿಯ ಕೊನೆಯ ಸರ್ಗವನ್ನು ತೆರೆಯಿರಿ. ತನ್ನ ಹೆಂಡತಿಯನ್ನು ಮದುವೆಯಾಗಲು ಬಂದು ಕೂತಿದ್ದರೆಂದು ಕಥಾನಾಯಕ ಒಡಿಸ್ಯೂಸ್ ಕೊಂದುಹಾಕಿದ ಯುವಕರ ಆತ್ಮಗಳನ್ನು ಹರ್ಮಿಸ್ ಚಿನ್ನದ ಕೋಲಿನಿಂದ ಎಬ್ಬಿಸಿ ಹೊರಡಿಸುತ್ತಾನೆ. ಗುಹೆಯ ಬಂಡೆಗೆ ನೇತುಬಿದ್ದ ಬಾವಲಿಗಳ ಸಾಲಿನಲ್ಲಿ ಒಂದು ಉದುರಿದರೆ ಉಳಿದವು ಹೇಗೆ ಕಿಚಗುಟ್ಟುತ್ತ ಹಾರಾಡುತ್ತವೆಯೋ ಹಾಗೆ ಅವು ಹಿಂಬಾಲಿಸುತ್ತವೆ. ಸಾಗರದ ಪ್ರವಾಹ, ಬಿಳಿಯ ಬಂಡೆ, ಸೂರ್ಯನ ಬಾಗಿಲು, ಕನಸುಗಳ ನಾಡು ದಾಟಿ ಸತ್ತವರು ನೆಲೆಸುವ ಆಸ್ಫೊಡೆಲ್ ಹೂಗಳ ಹುಲ್ಲುಗಾವಲು. ಇಡೀ ದಾರಿಯಲ್ಲಿ ಅವನು ಒಂದು ಮಾತನ್ನೂ ಆಡುವುದಿಲ್ಲ. ಪ್ರಿಯಾಮನಿಗೆ ತೋರಿಸಿದ ಸೌಜನ್ಯ ಇಲ್ಲಿ ಎಲ್ಲಿದೆ? ಇದು ದನ ಹೊಡೆಯುವವನ ಕೆಲಸ.

ಕಟ್ಟೆಪುರಾಣ:

ದನ ಹೊಡೆಯುವವನೇ ತಾನೇ ಅವನು! ಆದರೂ ನಿಮ್ಮ ಮಾತು ಚುಚ್ಚುತ್ತದೆ. ಅಥೆನ್ಸಿನ ಸಮಾಧಿಗಳಲ್ಲಿ ಇಡುತ್ತಿದ್ದ ಬಿಳಿಯ ಎಣ್ಣೆಗಿಂಡಿಗಳ ಮೇಲೆ ಹರ್ಮಿಸ್ ಸತ್ತವಳ ಮಣಿಕಟ್ಟು ಹಿಡಿದು ದೋಣಿಗಾರ ಕೇರಾನ್‌ನತ್ತ ನಡೆಸುವ ಚಿತ್ರಗಳಿವೆ. ಮನೆಯವರು ತಮ್ಮವರನ್ನು ಬಾವಲಿಯಂತೆ ಕಳುಹಿಸಲು ಒಪ್ಪಲಿಲ್ಲ, ಚಿತ್ರಕಾರನಿಗೆ ಬೇರೆ ಹರ್ಮಿಸ್‌ನನ್ನು ಬರೆಯಲು ಹೇಳಿದರು ಎಂದುಕೊಳ್ಳುತ್ತೇನೆ.

ಮಲೆನಾಡಿಗ:

ಕೊನೆಯದಾಗಿ ಒಂದು. ಮರ ಕಡಿಯುವವನ ಕೊಡಲಿ ಹೊಳೆಗೆ ಬಿದ್ದು, ದೇವತೆ ಚಿನ್ನದ್ದು ಬೆಳ್ಳಿಯದು ತೋರಿಸಿ ಪರೀಕ್ಷಿಸುವ ಕಥೆ ನಾವು ಚಿಕ್ಕಂದಿನಲ್ಲಿ ಓದಿದ್ದೆವಲ್ಲ, ಅದು ಮೂಲದಲ್ಲಿ ಹರ್ಮಿಸ್‌ನ ಕಥೆ ಎಂದು ಮಗಳು ಹೇಳುತ್ತಿದ್ದಾಳೆ. ನಿಜವೇ? ನಮ್ಮ ಪುಸ್ತಕದಲ್ಲಿ ಗಂಗೆ ಬಂದಿದ್ದಳು.

ನಿವೃತ್ತ ಮೇಷ್ಟ್ರು:

ನಿಜ. ಈಸೋಪನ ಕಥೆಯಲ್ಲಿ ನದಿಗಿಳಿದು ಕೊಡಲಿ ಎತ್ತಿಕೊಡುವವನು ಹರ್ಮಿಸ್. ಪ್ರಾಮಾಣಿಕನಿಗೆ ಮೂರೂ ಕೊಡಲಿ ಕೊಡುತ್ತಾನೆ, ಸುಳ್ಳು ಹೇಳಿದವನಿಗೆ ಅವನದೇ ಕೊಡಲಿಯೂ ಇಲ್ಲ. ಸುಳ್ಳನ್ನು ಅವನಷ್ಟು ಬೇಗ ಇನ್ಯಾರು ಗುರುತಿಸಿಯಾರು?

ಈಸೋಪನದೇ ಇನ್ನೊಂದನ್ನೂ ಮಗಳಿಗೆ ಹೇಳಿ. ಮನುಷ್ಯರಲ್ಲಿ ತನ್ನ ಬೆಲೆ ಎಷ್ಟಿದೆ ಎಂದು ತಿಳಿಯಲು ಹರ್ಮಿಸ್ ವೇಷ ಮರೆಸಿಕೊಂಡು ಶಿಲ್ಪಿಯ ಅಂಗಡಿಗೆ ಹೋಗುತ್ತಾನೆ. ಜ್ಯೂಸ್‌ನ ವಿಗ್ರಹಕ್ಕೆ ಎಷ್ಟು? ಒಂದು ದ್ರಾಖ್ಮ. ಹೀರಾಳದಕ್ಕೆ? ಇನ್ನೂ ಸ್ವಲ್ಪ ಹೆಚ್ಚು. ತಾನು ದೇವದೂತ, ಲಾಭ ತರುವವನು, ತನಗೆ ಇನ್ನೂ ಹೆಚ್ಚೇ ಇರಬೇಕು ಎಂದುಕೊಂಡು, ಈ ಹರ್ಮಿಸ್‌ಗೆ ಎಷ್ಟು ಎಂದು ಕೇಳುತ್ತಾನೆ. ಶಿಲ್ಪಿ ಹೇಳುತ್ತಾನೆ: ‘ಆ ಎರಡನ್ನೂ ಕೊಂಡರೆ ಇದನ್ನು ಪುಕ್ಕಟೆ ಹಾಕಿಕೊಡುತ್ತೇನೆ.’